ರೋಯಿಂಗ್ ಮಷಿನ್ ಮೇಲೆ ನಿಮ್ಮ ಬೆಸ್ಟ್ ಟೈಮ್: ವಯಸ್ಸಾದಂತೆ ಲೆಕ್ಕ ಇಡುವುದು ಹೇಗೆ?

ನಲವತ್ತನೇ ವಯಸ್ಸಿನಲ್ಲಿ ಎಂಟು ನಿಮಿಷಕ್ಕೆ ಮುಗಿಸುತ್ತಿದ್ದ 2000 ಮೀಟರನ್ನು ಅರವತ್ತನೇ ವಯಸ್ಸಿನಲ್ಲಿ ಎಂಟು ನಿಮಿಷ ಇಪ್ಪತ್ತು ಸೆಕೆಂಡಿಗೆ ಮುಗಿಸಿದರೆ ಅದು ಸೋಲೋ ಗೆಲುವೋ? ಮಷಿನ್ನಿನ ಪರದೆ ಇದಕ್ಕೆ ಉತ್ತರ ಹೇಳುವುದಿಲ್ಲ. ಅದು 8:20 ಎಂದು ತೋರಿಸಿ ಸುಮ್ಮನಾಗುತ್ತದೆ. ಹಳೆಯ ಅಂಕಿ ತಲೆಯಲ್ಲಿ ಕೂತವರು ಬೇಸರ ಮಾಡಿಕೊಳ್ಳುತ್ತಾರೆ. ಕೆಲವರು ಸಮಯ ಬರೆದಿಡುವುದನ್ನೇ ಬಿಡುತ್ತಾರೆ, ಇನ್ನು ಕೆಲವರು ಮಷಿನ್ನನ್ನೇ ಬಿಡುತ್ತಾರೆ. ಆ 8:20 ಒಳ್ಳೆಯ ಗೆಲುವು ಎಂಬುದನ್ನು ಲೆಕ್ಕ ಸಮೇತ ತೋರಿಸಬಹುದು. ತಮ್ಮ ಅಂಕಿಗಳನ್ನು ಓದಲು ಕಲಿತವರು ಎಪ್ಪತ್ತು ದಾಟಿದ ಮೇಲೂ ಈ ಆಟ ಬಿಡುವುದಿಲ್ಲ.

ಒಳಾಂಗಣ ರೋಯಿಂಗ್‌ನಲ್ಲಿ ಲೆಕ್ಕಕ್ಕೆ ಇಷ್ಟು ಬೆಲೆ ಬಂದದ್ದು ಮಷಿನ್ನಿನಿಂದಾಗಿಯೇ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ದೋಣಿಯ ಹುಟ್ಟು ತಯಾರಿಸುತ್ತಿದ್ದ ಡ್ರೈಸಿಗ್ಯಾಕರ್ ಸಹೋದರರು 1981ರಲ್ಲಿ ಸೈಕಲ್ ಚಕ್ರ ಬಳಸಿ ಕಾನ್ಸೆಪ್ಟ್2 ಕಂಪನಿಯ ಮೊದಲ ರೋಯಿಂಗ್ ಮಷಿನ್ ಮಾಡಿದರು. ನೀರಿನಲ್ಲಿ ಗಾಳಿ, ಅಲೆ, ದೋಣಿಯ ತೂಕ ಎಲ್ಲವೂ ಸಮಯವನ್ನು ಬದಲಿಸುತ್ತವೆ. ಮಷಿನ್ ಮೇಲೆ ಆ ನೆಪಗಳಿಲ್ಲ. ಅದೇ ದಶಕದ ಆರಂಭದಲ್ಲಿ ಬಾಸ್ಟನ್‌ನಲ್ಲಿ, ರಾಷ್ಟ್ರೀಯ ತಂಡದಲ್ಲಿ ಹುಟ್ಟು ಹಾಕಿ ಬಿಟ್ಟಿದ್ದ ಒಂದಷ್ಟು ಮಂದಿ ಸೇರಿ ಚಳಿಗಾಲದ ಹೊತ್ತು ಕಳೆಯಲು ಕ್ರ್ಯಾಶ್-ಬಿ ಎಂಬ ಸ್ಪರ್ಧೆ ಶುರು ಮಾಡಿದರು. ಹೆಸರು ಮಾಡಿ ನಿವೃತ್ತರಾದವರೇ ಹುಟ್ಟುಹಾಕಿದ ಸ್ಪರ್ಧೆ ಅದು. ಈ ಆಟದಲ್ಲಿ ಹಿರಿಯರಿಗೆ ಮೊದಲಿನಿಂದಲೂ ಜಾಗ ಇದೆ.

ಸೆಕೆಂಡಿನ ಹಿಂದೆ ವ್ಯಾಟ್

ಪರದೆಯ ಮೇಲೆ ಕಾಣುವ ಮುಖ್ಯ ಅಂಕಿ 500 ಮೀಟರಿಗೆ ಎಷ್ಟು ಸಮಯ ಎಂಬುದು. ಜಿಮ್‌ನಲ್ಲಿ ಇದಕ್ಕೆ ಸ್ಪ್ಲಿಟ್ ಎನ್ನುತ್ತಾರೆ. ಅದರ ಬೆನ್ನಿಗಿರುವ ಇನ್ನೊಂದು ಅಂಕಿ ವ್ಯಾಟ್, ಅಂದರೆ ನೀವು ನಿಜವಾಗಿ ಹಾಕಿದ ಶಕ್ತಿ. ಇವೆರಡರ ನಡುವೆ ಒಂದು ಸೂತ್ರವಿದೆ: ಒಂದು ಮೀಟರಿಗೆ ಎಷ್ಟು ಸೆಕೆಂಡ್ ಬೇಕಾಯಿತೋ ಆ ಅಂಕಿಯನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ, 2.80ನ್ನು ಆ ಗುಣಲಬ್ಧದಿಂದ ಭಾಗಿಸಿ. ಸ್ಪ್ಲಿಟ್ 2:00 ಇದ್ದರೆ ಮೀಟರಿಗೆ 0.24 ಸೆಕೆಂಡ್, ಶಕ್ತಿ ಸುಮಾರು 202 ವ್ಯಾಟ್. 2:05 ಆದರೆ 179 ವ್ಯಾಟ್. 2:10ಕ್ಕೆ 159, 2:20ಕ್ಕೆ 128, 2:30ಕ್ಕೆ 104.

ಇಲ್ಲಿ ಒಂದು ಸೂಕ್ಷ್ಮವಿದೆ. ವೇಗ ಸ್ವಲ್ಪ ಹೆಚ್ಚಿಸಲು, ವೇಗ ಹೆಚ್ಚುವ ಪ್ರಮಾಣದ ಸುಮಾರು ಮೂರು ಪಟ್ಟು ಪ್ರಮಾಣದಲ್ಲಿ ಶಕ್ತಿ ಹೆಚ್ಚಬೇಕು. ಹಾಗೆಯೇ ಶಕ್ತಿ ಕುಗ್ಗಿದಾಗ ಸಮಯ ಅಷ್ಟೊಂದು ಕೆಡುವುದಿಲ್ಲ. ಶಕ್ತಿ ನೂರಕ್ಕೆ ಹತ್ತು ಇಳಿದರೂ ಎಂಟು ನಿಮಿಷದ 2000 ಮೀಟರ್ ಸುಮಾರು 8:17ಕ್ಕೆ ಮಾತ್ರ ಹೋಗುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ವ್ಯಾಯಾಮವಿಲ್ಲದ ದೇಹದಲ್ಲಿ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮೂವತ್ತರ ನಂತರ ದಶಕಕ್ಕೆ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಬಿಡದೆ ಗಟ್ಟಿಯಾಗಿ ತರಬೇತಿ ಮಾಡುವವರಲ್ಲಿ ಇಳಿಕೆ ಅದರ ಅರ್ಧದಷ್ಟಕ್ಕೆ ನಿಲ್ಲಬಹುದು. ಆಮ್ಲಜನಕದ ಸಾಮರ್ಥ್ಯವೂ ವ್ಯಾಟೂ ಒಂದೇ ಅಲ್ಲ, ಆದರೆ ಅಳತೆಗೋಲಾಗಿ ಇದು ಸಾಕು. ದಶಕಕ್ಕೆ ಹತ್ತರ ಲೆಕ್ಕ ಹಿಡಿದರೆ ನಲವತ್ತರಲ್ಲಿ 202 ವ್ಯಾಟ್ ಹಾಕಿದವರು ಅರವತ್ತಕ್ಕೆ 164ಕ್ಕೆ ಬರಬೇಕು. ಸಮಯ ಸುಮಾರು 8:35 ಆಗಬೇಕು. 8:20 ಮಾಡಿದವರು 179 ವ್ಯಾಟ್ ಉಳಿಸಿಕೊಂಡಿದ್ದಾರೆ. ಇಪ್ಪತ್ತು ವರ್ಷಕ್ಕೆ ನೂರಕ್ಕೆ ಹನ್ನೆರಡರ ಒಳಗೆ ಇಳಿಕೆ! ಇಂಥವರು ಬೇಸರ ಮಾಡಿಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ. ಅದೇ ವ್ಯಕ್ತಿ 8:50ಕ್ಕೆ ಬಂದಿದ್ದರೆ ಶಕ್ತಿ 150 ವ್ಯಾಟ್, ಅಂದರೆ ಕಾಲು ಭಾಗಕ್ಕಿಂತ ಹೆಚ್ಚು ಹೋಗಿದೆ. ಆಗ ಮಾತ್ರ ಎಲ್ಲ ತಪ್ಪನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ. ನಿದ್ದೆ, ತೂಕ, ತರಬೇತಿ, ಆರೋಗ್ಯ ಎಲ್ಲವನ್ನೂ ನೋಡಬೇಕು.

ಆದ್ದರಿಂದ ಮೊದಲ ಕೆಲಸ: ಹಳೆಯ ಸಮಯಗಳನ್ನೆಲ್ಲ ಒಮ್ಮೆ ವ್ಯಾಟ್‌ಗೆ ಬದಲಿಸಿಟ್ಟುಕೊಳ್ಳಿ. ಕಾನ್ಸೆಪ್ಟ್2 ವೆಬ್‌ಸೈಟಿನಲ್ಲಿ ಇದಕ್ಕೆ ಕ್ಯಾಲ್ಕ್ಯುಲೇಟರ್ ಇದೆ.

ಒಂದು ಬೆಸ್ಟ್ ಸಾಲದು, ಮೂರು ಬೇಕು

ಮೂವತ್ತರೊಳಗಿನವರಿಗೆ ಒಂದೇ ಪರ್ಸನಲ್ ಬೆಸ್ಟ್ ಸಾಕು. ನಲವತ್ತು ದಾಟಿದ ಮೇಲೆ ಮೂರು ಸಾಲು ಬರೆಯಿರಿ: ಜೀವಮಾನದ ಬೆಸ್ಟ್, ಈ ವಯೋಮಾನದ ಬೆಸ್ಟ್, ಈ ವರ್ಷದ ಬೆಸ್ಟ್. ಜೀವಮಾನದ್ದು ಒಂದು ಕಡೆ ಗೌರವದಿಂದ ಇರಲಿ, ಅದನ್ನು ಪ್ರತಿ ತಿಂಗಳು ತೆಗೆದು ನೋಡಬೇಕಾಗಿಲ್ಲ. ನಿಜವಾದ ಪೈಪೋಟಿ ಎರಡನೆಯ ಸಾಲಿನ ಜೊತೆ. ಐವತ್ತರಿಂದ ಐವತ್ತನಾಲ್ಕು ಒಂದು ಪುಟ, ಐವತ್ತೈದಕ್ಕೆ ಹೊಸ ಪುಟ. ಹಿರಿಯರ ಸ್ಪರ್ಧೆಗಳಲ್ಲೂ ಹೀಗೆ ವಯಸ್ಸಿನ ವಿಭಾಗಗಳಿರುತ್ತವೆ, ಐವತ್ತರ ಆಚೆಗೆ ಸಾಮಾನ್ಯವಾಗಿ ಐದೈದು ವರ್ಷಕ್ಕೊಂದು. ಇದರಿಂದ ಒಂದು ಸಂತೋಷವೂ ಇದೆ: ಅರವತ್ತನೇ ಹುಟ್ಟುಹಬ್ಬದ ಮರುದಿನ ನೀವು ಹೊಸ ವಿಭಾಗದ ಅತ್ಯಂತ ಕಿರಿಯರು. ಹೊಸ ಪುಟದಲ್ಲಿ ಮಾಡಿದ ಮೊದಲ ಸಮಯವೇ ಬೆಸ್ಟ್.

ತಡವಾಗಿ ಶುರು ಮಾಡಿದವರ ಕಥೆ ಬೇರೆ. ಐವತ್ತೈದಕ್ಕೆ ಮೊದಲ ಸಲ ಮಷಿನ್ ಮೇಲೆ ಕೂತವರಿಗೆ ಮೊದಲ ಎರಡು ಮೂರು ವರ್ಷ ಸಮಯ ಇಳಿಯುತ್ತಲೇ ಹೋಗುವುದು ಸಾಮಾನ್ಯ. ಕ್ರಮ ಕಲಿತದ್ದರಿಂದಲೇ ಎಷ್ಟೋ ಸೆಕೆಂಡ್ ಸಿಗುತ್ತದೆ. ಎಳೆಯುವಾಗ ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ಕೈ. ಮರಳುವಾಗ ಕೈ, ಬೆನ್ನು, ಕಾಲು. ಹೊಸಬರು ಕೈಯಿಂದ ಎಳೆದು ದಣಿಯುತ್ತಾರೆ, ಬಲದ ದೊಡ್ಡ ಪಾಲು ಇರುವುದು ಕಾಲಿನಲ್ಲಿ. ಇವರಿಗೆ ಅರವತ್ತರಲ್ಲಿ ಬಂದದ್ದೇ ಜೀವಮಾನದ ಬೆಸ್ಟ್ ಆಗಬಹುದು.

ಅಳತೆ ಒಂದೇ ಇರಲಿ

ಹೋಲಿಕೆ ಮಾಡುವುದಿದ್ದರೆ ಮಷಿನ್ ಒಂದೇ ಬಗೆಯದಾಗಿರಬೇಕು. ಆಯಸ್ಕಾಂತದ ಮಷಿನ್, ನೀರಿನ ತೊಟ್ಟಿ ಇರುವ ಮಷಿನ್, ಗಾಳಿ ಚಕ್ರದ ಮಷಿನ್ ಇವುಗಳ 2000 ಮೀಟರ್ ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದರ ಮೇಲೆ ಮಾಡಿದ ಬೆಸ್ಟ್ ಇನ್ನೊಂದರ ಪುಟಕ್ಕೆ ಬರಬಾರದು.

ಗಾಳಿ ಚಕ್ರದ ಮಷಿನ್ನಿನ ಪಕ್ಕದಲ್ಲಿ 1ರಿಂದ 10ರವರೆಗಿನ ಒಂದು ಹಿಡಿಕೆ ಇರುತ್ತದೆ, ಅದು ಡ್ಯಾಂಪರ್. ಹತ್ತಕ್ಕೆ ಇಟ್ಟರೆ ಹೆಚ್ಚು ಕಷ್ಟ, ಆದ್ದರಿಂದ ಹೆಚ್ಚು ಲಾಭ ಎಂದು ಜಿಮ್‌ಗೆ ಬಂದವರೆಲ್ಲ ಅದನ್ನು ಮೇಲಕ್ಕೆ ತಳ್ಳುತ್ತಾರೆ. ಹಾಗೇನಿಲ್ಲ. ಅದು ಚಕ್ರದ ಗೂಡಿಗೆ ಎಷ್ಟು ಗಾಳಿ ಹೋಗಬೇಕೆಂದು ಮಾತ್ರ ಹೇಳುತ್ತದೆ. ಪ್ರತಿ ಸ್ಟ್ರೋಕಿನ ನಡುವೆ ಚಕ್ರ ಎಷ್ಟು ಬೇಗ ನಿಧಾನವಾಗುತ್ತಿದೆ ಎಂದು ಮಾನಿಟರ್ ಅಳೆದು, ಅದರಿಂದ ಡ್ರ್ಯಾಗ್ ಫ್ಯಾಕ್ಟರ್ ಎಂಬ ಅಂಕಿ ತೆಗೆದು, ಅದನ್ನು ಸೇರಿಸಿಯೇ ನಿಮ್ಮ ವೇಗದ ಲೆಕ್ಕ ಹಾಕುತ್ತದೆ. ಬರೆದಿಡಬೇಕಾದ್ದು ಡ್ಯಾಂಪರ್ ಅಂಕಿಯನ್ನಲ್ಲ, ಈ ಡ್ರ್ಯಾಗ್ ಅಂಕಿಯನ್ನು. ಕಾನ್ಸೆಪ್ಟ್2 ಮಷಿನ್ನಿನ ಪಿಎಂ5 ಮಾನಿಟರ್‌ನಲ್ಲಿ ಮೋರ್ ಆಪ್ಷನ್ಸ್ ಒಳಗೆ ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್ ಒತ್ತಿ, ಹತ್ತಿಪ್ಪತ್ತು ಸ್ಟ್ರೋಕ್ ಎಳೆದರೆ ಕಾಣಿಸುತ್ತದೆ.

ನಮ್ಮ ಕಡೆ ಇದು ಯಾಕೆ ಮುಖ್ಯ ಎಂದರೆ, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಮಂಗಳೂರಿನದ್ದಕ್ಕಿಂತ ತೆಳು. ಮಂಗಳೂರಿನ ಜಿಮ್‌ನಲ್ಲಿ 4ಕ್ಕಿಟ್ಟ ಡ್ಯಾಂಪರ್ ಕೊಡುವ ಹಿಡಿತ ಬೆಂಗಳೂರಿನಲ್ಲಿ 4ಕ್ಕೆ ಬರುವುದಿಲ್ಲ, ಸ್ವಲ್ಪ ಮೇಲೇರಿಸಬೇಕು. ಅದರ ಮೇಲೆ ಚಕ್ರದ ಜಾಲರಿಯಲ್ಲಿ ಕೂತ ಧೂಳು, ಕೂದಲು, ಬಟ್ಟೆಯ ನೂಲು ಗಾಳಿಯನ್ನು ತಡೆದು ಡ್ರ್ಯಾಗ್ ಇನ್ನೂ ಇಳಿಸುತ್ತವೆ. ಜಿಮ್‌ನವರಿಗೆ ಹೇಳಿ ಆಗಾಗ ಅದನ್ನು ತೆಗೆಸಿ. ಸಾಮಾನ್ಯ ಆರೋಗ್ಯವಂತರಿಗೆ 100ರಿಂದ 130ರ ನಡುವಿನ ಡ್ರ್ಯಾಗ್ ಹೊಂದುತ್ತದೆ. ವಯಸ್ಸಾದವರು, ಸೊಂಟ ನೋವಿನವರು ಕೆಳಗಿನ ತುದಿಯಲ್ಲಿ ಇರುವುದೇ ಒಳ್ಳೆಯದು. ಒಮ್ಮೆ ಒಂದು ಅಂಕಿ ಹೊಂದಿತೆಂದರೆ ಪರೀಕ್ಷೆಯ ದಿನವೂ ಅದನ್ನೇ ಇಡಿ.

ಸೆಖೆಯನ್ನೂ ಮರೆಯಬೇಡಿ. ಏಪ್ರಿಲ್ ತಿಂಗಳ ಉಡುಪಿಯಲ್ಲಿ ಫ್ಯಾನ್ ಇಲ್ಲದ ಕೋಣೆಯಲ್ಲಿ ಮಾಡಿದ 5000 ಮೀಟರನ್ನು ಡಿಸೆಂಬರ್ ಬೆಳಗ್ಗೆಯದ್ದರ ಪಕ್ಕ ಇಟ್ಟು ‘ಹಿಂದೆ ಬಿದ್ದೆ’ ಎಂದುಕೊಂಡರೆ ನಿಮಗೆ ನೀವೇ ಅನ್ಯಾಯ ಮಾಡಿಕೊಂಡಂತೆ. ಕಾವಿನಲ್ಲಿ ಎದೆಬಡಿತ ಏರುತ್ತದೆ, ಸಮಯ ಕೆಡುತ್ತದೆ. ವರ್ಷದ ಪರೀಕ್ಷೆಗಳನ್ನು ಆದಷ್ಟು ಅದೇ ತಿಂಗಳಲ್ಲಿ, ಅದೇ ಹೊತ್ತಿನಲ್ಲಿ ಮಾಡಿ.

ಯಾವ ದೂರ ಆರಿಸಿಕೊಳ್ಳಬೇಕು?

2000 ಮೀಟರ್ ಈ ಆಟದ ಮುಖ್ಯ ದೂರ, ಆದರೆ ಅದೊಂದನ್ನೇ ನೋಡಿದರೆ ವಯಸ್ಸು ಎಲ್ಲಿ ಕೈ ಹಾಕಿದೆ ಎಂದು ಗೊತ್ತಾಗುವುದಿಲ್ಲ. ಸ್ನಾಯುವಿನಲ್ಲಿ ಥಟ್ಟನೆ ಬಲ ಕೊಡುವ ಎಳೆಗಳು ವಯಸ್ಸಾದಂತೆ ಬೇಗ ಸೊರಗುತ್ತವೆ. ನಿಧಾನವಾಗಿ ಬಹಳ ಹೊತ್ತು ಕೆಲಸ ಮಾಡುವ ಎಳೆಗಳು ಹೆಚ್ಚು ಬಾಳುತ್ತವೆ. ಹಾಗಾಗಿ 500 ಮೀಟರ್ ಸಮಯ ಮೊದಲು ಜಾರುತ್ತದೆ, 30 ನಿಮಿಷದ ದೂರ ಅಷ್ಟು ಬೇಗ ಜಾರುವುದಿಲ್ಲ. 500 ಮೀಟರ್, 2000 ಮೀಟರ್, 5000 ಮೀಟರ್, 30 ನಿಮಿಷ ಈ ನಾಲ್ಕನ್ನು ಹಿಡಿದರೆ ಚಿತ್ರ ಪೂರ್ಣವಾಗುತ್ತದೆ.

ಇವುಗಳನ್ನು ಒಂದರ ಜೊತೆ ಒಂದು ತೂಗಿ ನೋಡಲು ರೋಯಿಂಗ್ ಮಂದಿ ಬಳಸುವ ಒಂದು ಅಂದಾಜು ಇದೆ, ಪಾಲ್ಸ್ ಲಾ ಎಂದು ಕರೆಯುತ್ತಾರೆ. ದೂರ ಎರಡು ಪಟ್ಟಾದರೆ ಸ್ಪ್ಲಿಟ್ ಐದು ಸೆಕೆಂಡ್ ನಿಧಾನವಾಗಬಹುದು, ಅಷ್ಟೆ. 2000 ಮೀಟರನ್ನು 2:10ರಲ್ಲಿ ಮಾಡುವವರು 500 ಮೀಟರನ್ನು 2:00ರ ಸುಮಾರಿಗೆ, 5000 ಮೀಟರನ್ನು 2:16–2:17ರ ಸ್ಪ್ಲಿಟ್‌ನಲ್ಲಿ ಮಾಡಬೇಕು. ಲೆಕ್ಕಕ್ಕಿಂತ 500 ಹಿಂದೆ ಬಿದ್ದಿದ್ದರೆ ಬಲ ಸಾಲದು: ಬಸ್ಕಿ, ಡಂಬೆಲ್, ಡೆಡ್‌ಲಿಫ್ಟ್ ಇವುಗಳಿಗೆ ವಾರದಲ್ಲಿ ಎರಡು ದಿನ ಕೊಡಿ. 5000 ಹಿಂದೆ ಬಿದ್ದಿದ್ದರೆ ಉಸಿರು ಸಾಲದು: ಮಾತಾಡಿಕೊಂಡೇ ಎಳೆಯಬಹುದಾದ ನಿಧಾನ ವೇಗದಲ್ಲಿ ಹೆಚ್ಚು ಹೊತ್ತು ಕೂರಬೇಕು. ಒಂದೇ ಅಂಕಿ ನೋಡಿ ನಿರಾಶರಾಗುವುದಕ್ಕಿಂತ ನಾಲ್ಕು ಅಂಕಿಗಳ ನಡುವಿನ ಅಂತರ ನೋಡುವುದು ಎಷ್ಟೋ ಪ್ರಯೋಜನಕರ.

ಅರವತ್ತು ದಾಟಿದವರಿಗೆ ಒಂದೇ ಪರೀಕ್ಷೆ ಹೇಳಬೇಕೆಂದರೆ ನಾನು 30 ನಿಮಿಷವನ್ನು ಆರಿಸುತ್ತೇನೆ, ಅದೂ ನಿಮಿಷಕ್ಕೆ 20 ಸ್ಟ್ರೋಕ್ ಮೀರದಂತೆ. ಸ್ಟ್ರೋಕ್ ಕಟ್ಟಿಹಾಕಿದಾಗ ವೇಗ ಬರುವುದು ಪ್ರತಿ ಎಳೆತದ ಗುಣದಿಂದ ಮಾತ್ರ. ಎದೆಯ ಮೇಲೆ 2000ದಷ್ಟು ಭಾರ ಬೀಳುವುದಿಲ್ಲ, ತಿಂಗಳಿಗೊಮ್ಮೆ ಮಾಡಬಹುದು. ಪೂರ್ತಿ ದಮ್ಮು ಕಟ್ಟಿ ಮಾಡುವ 2000 ಮೀಟರ್ ವರ್ಷಕ್ಕೆ ಮೂರು ನಾಲ್ಕು ಸಲ ಸಾಕು.

ನೋಟ್‌ಬುಕ್ಕಿನ ಒಂದು ಪುಟ

ಒಂದು ಸಾಲು ಹೀಗಿರಬಹುದು: ‘ಜನವರಿ 12, ಬೆಳಗ್ಗೆ 7. ವಯಸ್ಸು 58, ತೂಕ 71 ಕೆ.ಜಿ. 2000 ಮೀಟರ್, 8:40. ನಾಲ್ಕು ಭಾಗ: 2:11, 2:11, 2:10, 2:08. ಸರಾಸರಿ 2:10, 159 ವ್ಯಾಟ್. ಸ್ಟ್ರೋಕ್ 28. ಡ್ರ್ಯಾಗ್ 118. ಎದೆಬಡಿತ ಕೊನೆಗೆ 166. ನಿದ್ದೆ ಚೆನ್ನಾಗಿತ್ತು, ಬಲಮೊಣಕಾಲು ಸ್ವಲ್ಪ ಬಿಗಿ.’

ಆ ನಾಲ್ಕು ಭಾಗಗಳನ್ನು ಗಮನಿಸಿ. ಮೊದಲೆರಡು ಸರಾಸರಿಗಿಂತ ಒಂದು ಸೆಕೆಂಡ್ ನಿಧಾನ, ಕೊನೆಯದು ಎರಡು ಸೆಕೆಂಡ್ ವೇಗ. ಈ ಸಾಲು ಬುದ್ಧಿವಂತಿಕೆಯದ್ದು. 2:02, 2:09, 2:16, 2:13 ಎಂದು ಮಾಡಿದರೂ ಮೊತ್ತ 8:40 ಆಗುತ್ತದೆ, ಆದರೆ ಮೂರನೆಯ ಭಾಗದಲ್ಲಿ ಆ ದೇಹ ಏನು ಅನುಭವಿಸಿತು ಎಂಬುದು ಅನುಭವಿಸಿದವರಿಗೇ ಗೊತ್ತು. ಮುಂದಿನ ಸಲ ಆರಂಭವನ್ನು ಹಿಡಿದಿಟ್ಟರೆ ಹೊಸ ಬೆಸ್ಟ್ ಬರುವುದು ಈ ಎರಡನೆಯ ವ್ಯಕ್ತಿಗೇ. ಮೊತ್ತ ಮಾತ್ರ ಬರೆದಿದ್ದರೆ ಇದು ಕಾಣುತ್ತಿರಲಿಲ್ಲ.

ತೂಕ ಬರೆಯುವುದಕ್ಕೂ ಕಾರಣವಿದೆ. ದೋಣಿಯಲ್ಲಾದರೆ ಭಾರದ ಮೈಯನ್ನು ನೀರು ಎಳೆದು ಹಿಡಿಯುತ್ತದೆ, ಮಷಿನ್ ಮೇಲೆ ಭಾರದ ಮೈಗೆ ಅನುಕೂಲವೇ. ಸಣ್ಣ ಮೈಕಟ್ಟಿನವರು ದೊಡ್ಡ ಮೈಯವರ ಸಮಯ ನೋಡಿ ಕುಗ್ಗಬೇಕಾಗಿಲ್ಲ. ಗಂಡಸರಿಗೆ 75 ಕೆ.ಜಿ., ಹೆಂಗಸರಿಗೆ 61.5 ಕೆ.ಜಿ. ಒಳಗಿನವರಿಗೆ ಲೈಟ್‌ವೇಟ್ ಎಂಬ ಬೇರೆ ವಿಭಾಗವಿದೆ, ನಮ್ಮಲ್ಲಿ ಬಹಳ ಮಂದಿ ಅದರೊಳಗೆ ಬರುತ್ತಾರೆ. ಹತ್ತು ವರ್ಷದಲ್ಲಿ ಎಂಟು ಕೆ.ಜಿ. ಇಳಿಸಿಕೊಂಡವರ ಸಮಯ ನಾಲ್ಕು ಸೆಕೆಂಡ್ ಕೆಟ್ಟಿದ್ದರೆ ಅದನ್ನು ಹಿನ್ನಡೆ ಎನ್ನಲಾಗದು. ವ್ಯಾಟನ್ನು ತೂಕದಿಂದ ಭಾಗಿಸಿ ನೋಡಿದರೆ ಮುನ್ನಡೆಯೇ ಕಾಣಬಹುದು.

ಎದೆಬಡಿತದ ಸಾಲನ್ನು ಹಳೆಯ ಅಂಕಿಗಳ ಜೊತೆ ಹೋಲಿಸುವಾಗ ಜಾಗ್ರತೆ. ಗರಿಷ್ಠ ಎದೆಬಡಿತ ವಯಸ್ಸಿನ ಜೊತೆ ಇಳಿಯುತ್ತದೆ. 208ರಿಂದ ವಯಸ್ಸಿನ 0.7 ಪಾಲನ್ನು ಕಳೆದರೆ ಸರಾಸರಿ ಅಂದಾಜು ಸಿಗುತ್ತದೆ. ಒಬ್ಬೊಬ್ಬರಲ್ಲಿ ಅದು ಹತ್ತಿಪ್ಪತ್ತು ಬಡಿತ ಆಚೀಚೆ ಇರಬಹುದು. ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಏರುವುದೇ ಕಡಿಮೆ, ಅವರಿಗೆ ಈ ಲೆಕ್ಕ ಹಿಡಿಯುವುದಿಲ್ಲ.

ತೊಂಬತ್ತೆರಡರ ಒಂದು ದಾಖಲೆ

ಐರ್ಲೆಂಡ್‌ನ ರಿಚರ್ಡ್ ಮಾರ್ಗನ್ ಅವರ ಬಗ್ಗೆ ಹೇಳದೆ ಈ ವಿಷಯ ಮುಗಿಸಲಾಗದು. ಬೇಕರಿ ಕೆಲಸ, ಬ್ಯಾಟರಿ ತಯಾರಿಕೆ ಮಾಡಿಕೊಂಡಿದ್ದವರು. ನಿಯಮಿತ ವ್ಯಾಯಾಮ ಶುರು ಮಾಡಿದ್ದು 73ನೇ ವಯಸ್ಸಿನಲ್ಲಿ. ಆಮೇಲೆ ತಮ್ಮ ವಯೋಮಾನದಲ್ಲಿ ನಾಲ್ಕು ಸಲ ಒಳಾಂಗಣ ರೋಯಿಂಗ್ ವಿಶ್ವ ಚಾಂಪಿಯನ್ ಆದರು. ಅವರಿಗೆ 92 ಆಗಿದ್ದಾಗ ವಿಜ್ಞಾನಿಗಳು ಪ್ರಯೋಗಾಲಯಕ್ಕೆ ಕರೆಸಿ 2000 ಮೀಟರ್ ಎಳೆಸಿದರು. ಎದೆಬಡಿತ 153ಕ್ಕೆ ಏರಿತು, ಆ ವಯಸ್ಸಿಗೆ ನಿರೀಕ್ಷಿಸುವುದಕ್ಕಿಂತ ಬಹಳ ಹೆಚ್ಚು. 2023ರ ಕೊನೆಯಲ್ಲಿ ಜರ್ನಲ್ ಆಫ್ ಅಪ್ಲೈಡ್ ಫಿಸಿಯಾಲಜಿ ಈ ವಿವರ ಪ್ರಕಟಿಸಿತು.

ನಮಗೆ ಬೇಕಾದ್ದು ಅವರ ವಾರದ ಲೆಕ್ಕ. ವಾರಕ್ಕೆ ಸುಮಾರು 30 ಕಿಲೋಮೀಟರ್, ದಿನಕ್ಕೆ ಸರಾಸರಿ ನಲವತ್ತು ನಿಮಿಷ. ಅದರಲ್ಲಿ ಹತ್ತಕ್ಕೆ ಏಳು ಪಾಲು ಹಗುರ, ಎರಡು ಪಾಲು ಕಷ್ಟದ್ದು ಆದರೆ ತಡೆದುಕೊಳ್ಳುವಂಥದ್ದು, ಒಂದು ಪಾಲು ಮಾತ್ರ ಪೂರ್ತಿ ಬಲದ್ದು. ಜೊತೆಗೆ ವಾರಕ್ಕೆ ಎರಡು ಮೂರು ಸಲ ಡಂಬೆಲ್. ಪ್ರತಿ ದಿನ ಬೆಸ್ಟ್ ಮುರಿಯಲು ಹೊರಡುವವರು ಈ ಹಂಚಿಕೆಯನ್ನು ಗಮನವಿಟ್ಟು ನೋಡಬೇಕು. ಒಬ್ಬರ ಉದಾಹರಣೆಯಿಂದ ಎಲ್ಲರಿಗೂ ನಿಯಮ ಮಾಡಲಾಗದು, ನಿಜ. ಆದರೆ 73ಕ್ಕೆ ಶುರು ಮಾಡಿದರೂ ದೇಹ ಸ್ಪಂದಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಪರೀಕ್ಷೆಗೆ ಮುನ್ನ

ನಲವತ್ತು ದಾಟಿದವರು, ಅದರಲ್ಲೂ ಬಿ.ಪಿ., ಶುಗರ್ ಇರುವವರು, ಮನೆಯಲ್ಲಿ ಹೃದಯದ ಕಾಯಿಲೆಯ ಇತಿಹಾಸ ಇರುವವರು, ಪೂರ್ತಿ ಬಲದ ಪರೀಕ್ಷೆಗೆ ಇಳಿಯುವ ಮುನ್ನ ವೈದ್ಯರನ್ನು ಕಾಣಲೇಬೇಕು. ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್ ಬೇಕೇ ಎಂದು ಅವರೇ ಹೇಳಲಿ. ಎಳೆಯುವಾಗ ಉಸಿರು ಬಿಗಿಹಿಡಿಯಬೇಡಿ, ರಕ್ತದೊತ್ತಡ ದಿಢೀರನೆ ಏರುತ್ತದೆ. ಬೆನ್ನು ಗೂನಾಗಿಸಿ ಎಳೆಯುವುದು ಯಾರಿಗೂ ಒಳ್ಳೆಯದಲ್ಲ. ಮೂಳೆ ಸವೆತ ಇದೆ ಎಂದು ಗೊತ್ತಾದವರಿಗಂತೂ ಅಪಾಯ. ಬಾಗುವುದು ಸೊಂಟದ ಕೀಲಿನಿಂದ, ಬೆನ್ನುಮೂಳೆಯಿಂದಲ್ಲ. ಎದೆಯಲ್ಲಿ ಹಿಡಿತ, ತಲೆಸುತ್ತು, ಎಡಗೈ ಅಥವಾ ದವಡೆಯಲ್ಲಿ ನೋವು ಬಂದರೆ ಹಿಡಿಕೆ ಬಿಡಿ, ಆ ದಿನದ ಸಮಯ ಯಾರಿಗೂ ಬೇಕಾಗಿಲ್ಲ. ಪರೀಕ್ಷೆಗೆ ಮುಂಚೆ ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ, ನಡುನಡುವೆ ಹತ್ತು ಹತ್ತು ಸ್ಟ್ರೋಕ್ ಜೋರಾಗಿ ಎಳೆಯಿರಿ. ವಯಸ್ಸಾದ ಮೈಗೆ ಇದು ಯುವಕರಿಗಿಂತ ಹೆಚ್ಚು ಬೇಕು. ಪರೀಕ್ಷೆಯ ನಂತರ ಎರಡು ಮೂರು ದಿನ ಹಗುರವಾಗಿರಿ.

ಕಾಗದದ ನೋಟ್‌ಬುಕ್ ಸಾಲದು ಎನ್ನುವವರಿಗೆ ಕಾನ್ಸೆಪ್ಟ್2 ಕಂಪನಿಯ ಆನ್‌ಲೈನ್ ಲಾಗ್‌ಬುಕ್ ಇದೆ. ಖಾತೆ ತೆರೆಯಲು ಹಣ ಕೊಡಬೇಕಾಗಿಲ್ಲ. ನಿಮ್ಮ ಸಮಯ ತುಂಬಿದರೆ ನಿಮ್ಮ ವಯೋಮಾನದ, ನಿಮ್ಮ ತೂಕದ ವಿಭಾಗದವರು ಜಗತ್ತಿನಾದ್ಯಂತ ಎಷ್ಟು ಮಾಡಿದ್ದಾರೆ ಎಂದು ನೋಡಬಹುದು. ಅಲ್ಲಿ ವರ್ಷ ಶುರುವಾಗುವುದು ಮೇ 1ಕ್ಕೆ, ಮುಗಿಯುವುದು ಮರುವರ್ಷ ಏಪ್ರಿಲ್ 30ಕ್ಕೆ. ನಿಮ್ಮ ನೋಟ್‌ಬುಕ್ಕಿಗೂ ಅದೇ ತಾರೀಕು ಇಟ್ಟುಕೊಳ್ಳಿ. ಲೆಕ್ಕ ಬಿಟ್ಟು ವರ್ಷಗಳಾಗಿದ್ದರೆ ಈ ವಾರವೇ ಒಂದು 30 ನಿಮಿಷ ಎಳೆದು, ಬಂದ ಮೀಟರನ್ನು ಇಂದಿನ ವಯಸ್ಸಿನ ಜೊತೆ ಬರೆದಿಡಿ. ಮುಂದಿನ ಹೋಲಿಕೆ ಅದರ ಜೊತೆಗೇ ಇರಲಿ.